ಚಾವಡಿಯ ಬಣ್ಣ, ಬಚ್ಚಲಿನ ಮೆಟ್ಟಿಲು

‘ಮನೆಗೆ ಬಣ್ಣ ಬಳಿಸುವುದರಲ್ಲಿ ಧರ್ಮಾಧರ್ಮದ ಪ್ರಶ್ನೆ ಎಲ್ಲಿ ಬಂತು, ಫಾದರ್?’ ಎಂದು ಇತ್ತೀಚೆಗೆ ಗೃಹಸ್ಥರೊಬ್ಬರು ನನ್ನನ್ನು ಕೇಳಿದರು. ಅವರದು ಅಜ್ಜನ ಕಾಲದ ಹೆಂಚಿನ ಮನೆ. ಮಗಳ ಮದುವೆ ಹತ್ತಿರವಾಗಿತ್ತು. ಕೈಯಲ್ಲಿದ್ದ ಹಣ ಅಲ್ಪ, ಮನೆಯ ಬೇಡಿಕೆಗಳು ಅನೇಕ. ಮುಂಭಾಗವನ್ನು ಸಿಂಗರಿಸೋಣವೆಂದು ಗಂಡ, ಹಿಂಭಾಗದ ಸೋರಿಕೆಯನ್ನು ನಿಲ್ಲಿಸೋಣವೆಂದು ಹೆಂಡತಿ. ನಾನು ನಡುವೆ ಬಾಯಿಹಾಕಿ, ‘ಇದು ಬರೀ ಲೆಕ್ಕಾಚಾರದ ವಿಷಯವಲ್ಲ, ಧರ್ಮದ ವಿಷಯವೂ ಹೌದು’ ಎಂದುಬಿಟ್ಟೆ. ಅವರ ಪ್ರಶ್ನೆ ಆಗ ಬಂತು. ಸರಿಯಾದ ಉತ್ತರ ಕೊಡಲು ಅಂದು ನನ್ನಿಂದ ಆಗಲಿಲ್ಲ. ಕೊಡಬೇಕಾದರೆ ನನ್ನ ಸ್ವಂತ ಮನೆಯ ಒಂದು ತಪ್ಪನ್ನು ಹೇಳಿಕೊಳ್ಳಬೇಕಿತ್ತು. ಅದನ್ನು ಈ ಪುಟಗಳಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ಮೂಲಮನೆ ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿದೆ. 1940ರ ದಶಕದಲ್ಲಿ ಅಜ್ಜ ಕಟ್ಟಿಸಿದ್ದು. ಕೆಂಪುಕಲ್ಲಿನ ಗೋಡೆ, ಸುಣ್ಣದ ಗಾರೆ, ಹಲಸಿನ ಮರದ ಬಾಗಿಲು, ಮಂಗಳೂರು ಹೆಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಬೆಳೆದ ಆ ಉದ್ಯಮದಿಂದಾಗಿ, ಮುಳಿಹುಲ್ಲಿನ ಮಾಡಿನ ಕೆಳಗೆ ಬದುಕುತ್ತಿದ್ದ ಎಷ್ಟೋ ಕುಟುಂಬಗಳು ಹೆಂಚಿನ ಆಸರೆಯನ್ನು ಕಂಡವು. ನಮ್ಮ ಮನೆಯೂ ಅಂಥದ್ದು. ಆದರೆ ಅದು ಒಂದೇ ಸಲಕ್ಕೆ ಎದ್ದು ನಿಂತದ್ದಲ್ಲ. ಅಜ್ಜ ಮೊದಲು ಅಡುಗೆಮನೆಯನ್ನೂ ಮಲಗುವ ಕೋಣೆಯನ್ನೂ ಪೂರ್ತಿ ಮಾಡಿಸಿದರಂತೆ. ಚಾವಡಿಗೆ ಬಹುಕಾಲ ಸೆಗಣಿ ಸಾರಿಸಿದ ನೆಲವೇ ಇತ್ತು. ಅದಕ್ಕೆ ರೆಡ್ ಆಕ್ಸೈಡ್ ಹಾಕಿಸಿದ್ದು 1970ರ ದಶಕದಲ್ಲಿ, ನನ್ನ ತಂದೆ. ಈ ಕ್ರಮದಲ್ಲಿದ್ದ ವಿವೇಕ ನನಗೆ ಅರ್ಥವಾಗಲು ಐವತ್ತು ವರ್ಷ ಬೇಕಾಯಿತು.

ಒಂದು ಮದುವೆಯ ಸಿದ್ಧತೆ

2009ರಲ್ಲಿ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು. ರೋಸ್ ಶಾಸ್ತ್ರ ಮನೆಯಂಗಳದಲ್ಲೇ ನಡೆಯಬೇಕು. ಒಡಹುಟ್ಟಿದವರೆಲ್ಲ ಸೇರಿ ಮನೆಯ ದುರಸ್ತಿಗೆಂದು 1,60,000 ರೂಪಾಯಿ ಕೂಡಿಸಿದೆವು. ಯಾವ ಕೆಲಸಕ್ಕೆ ಎಷ್ಟು ಎಂಬ ಚರ್ಚೆ ಬಂದಾಗ ಅತ್ತಿಗೆ ಮೆಲ್ಲನೆ ಒಂದು ಮಾತು ಹೇಳಿದರು: ‘ಬಚ್ಚಲು ಮನೆಯಿಂದ ಹೊರಗಿದೆ. ಮಳೆಗಾಲದಲ್ಲಿ ಆ ಕಲ್ಲಿನ ಮೆಟ್ಟಿಲು ಪಾಚಿಗಟ್ಟುತ್ತದೆ. ಅತ್ತೆ ರಾತ್ರಿ ಎದ್ದು ಹೋಗುವಾಗ ನನಗೆ ಹೆದರಿಕೆಯಾಗುತ್ತದೆ.’ ಅಮ್ಮನಿಗೆ ಆಗ 71 ವರ್ಷ.

ಮನೆಯಲ್ಲಿ ಒಬ್ಬ ಗುರುವಿದ್ದರೆ ಅವನ ಮಾತಿಗೆ ವಯಸ್ಸಿಗೆ ಮೀರಿದ ಬೆಲೆ ಬರುತ್ತದೆ. ‘ಬಂದವರು ಮೊದಲು ಕಾಣುವುದು ಚಾವಡಿಯನ್ನಲ್ಲವೇ? ಬಚ್ಚಲನ್ನು ಮುಂದಿನ ವರ್ಷ ನೋಡೋಣ’ ಎಂದೆ. ಯಾರೂ ಎದುರಾಡಲಿಲ್ಲ. ನನ್ನ ಜೊತೆಗಾರ ಗುರುಗಳು ಬರುತ್ತಾರೆ, ಅವರ ಮುಂದೆ ನಮ್ಮ ಮನೆ ಹಳತಾಗಿ ಕಾಣಬಾರದು ಎಂಬ ಆಸೆ ನನ್ನ ಮಾತಿನ ಹಿಂದೆ ಇತ್ತೆಂಬುದನ್ನು ನಾನು ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ತಂದೆ ಹಾಕಿಸಿದ ಕೆಂಪು ನೆಲದ ಮೇಲೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಬಂತು. ಸುಣ್ಣದ ಗೋಡೆಗೆ ಸಿಮೆಂಟ್ ಸಾರಣೆ ಬಿತ್ತು. ಅದರ ಮೇಲೆ ತಿಳಿಹಸಿರು ಪ್ಲಾಸ್ಟಿಕ್ ಬಣ್ಣ. ಮದುವೆ ಚೆನ್ನಾಗಿ ನಡೆಯಿತು. ಬಂದವರು ಹೊಗಳಿದರು. ಎರಡನೆಯ ಮಳೆಗಾಲಕ್ಕೆ ಚಾವಡಿಯ ಗೋಡೆಯಲ್ಲಿ ಬಣ್ಣ ಗುಳ್ಳೆಗಳಂತೆ ಉಬ್ಬಿತು, ಕೈಯಿಟ್ಟರೆ ಸಿಪ್ಪೆಯಾಗಿ ಉದುರಿತು. ಅದೇ ಮಳೆಗಾಲದ ಒಂದು ರಾತ್ರಿ ಅಮ್ಮ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಶಸ್ತ್ರಚಿಕಿತ್ಸೆಯ ನಂತರ ಅಮ್ಮ ಊರುಗೋಲು ಹಿಡಿದು ನಡೆಯತೊಡಗಿದರು. ಆದರೆ ಚಾವಡಿಗೆ ಬರುವುದನ್ನು ನಿಲ್ಲಿಸಿಬಿಟ್ಟರು. ಆ ನುಣುಪಾದ ನೆಲದಲ್ಲಿ ಊರುಗೋಲು ನಿಲ್ಲುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ ಕುಳಿತೇ ಸಂಜೆಯ ಜಪಸರ ಮುಗಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತಾಗ ಒಮ್ಮೆ ಹೇಳಿದರು: ‘ಚಾವಡಿ ಚಂದ ಆಗಿದೆ ಮಗಾ. ಬಂದವರೆಲ್ಲ ಹೊಗಳಿದರು.’ ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಗಾಜಿನ ಗರಗಸ

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸೌಂದರ್ಯದ ಬಗ್ಗೆ ಸಂತ ತೋಮಸ್ ಅಕ್ವಿನಾಸರ ವಿಚಾರವನ್ನು ನಾವು ಬಾಯಿಪಾಠ ಮಾಡಿದ್ದೆವು. ಹದಿಮೂರನೆಯ ಶತಮಾನದ ಈ ಚಿಂತಕರ ಪ್ರಕಾರ ಸೌಂದರ್ಯಕ್ಕೆ ಮೂರು ಅಂಶಗಳು ಅಗತ್ಯ: ಸಮಗ್ರತೆ, ಹೊಂದಿಕೆ ಮತ್ತು ಕಾಂತಿ. ಊನಗೊಂಡ ವಸ್ತು ಆ ಊನದಿಂದಲೇ ಕುರೂಪವಾಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದವನೇ ನನ್ನ ಮನೆಯ ವಿಷಯದಲ್ಲಿ ಆ ಕ್ರಮವನ್ನು ತಲೆಕೆಳಗು ಮಾಡಿದೆ. ಕಾಂತಿಯಿಂದ ಆರಂಭಿಸಿದೆ, ಸಮಗ್ರತೆಯನ್ನು ಮುಂದಿನ ವರ್ಷಕ್ಕೆ ತಳ್ಳಿದೆ.

ಅವರದೇ ಇನ್ನೊಂದು ದೃಷ್ಟಾಂತವಿದೆ. ಗರಗಸ ಮಾಡುವವನು ಅದನ್ನು ಕಬ್ಬಿಣದಿಂದ ಮಾಡುತ್ತಾನೆಯೇ ಹೊರತು ಗಾಜಿನಿಂದಲ್ಲ. ಗಾಜು ನೋಟಕ್ಕೆ ಹೆಚ್ಚು ಚೆಲುವಾಗಿರಬಹುದು. ಆದರೆ ಆ ಚೆಲುವು ಗರಗಸದ ಉದ್ದೇಶಕ್ಕೇ ಅಡ್ಡಿ. ನಮ್ಮ ಚಾವಡಿಯ ನೆಲ ಅಂಥ ಗಾಜಿನ ಗರಗಸವಾಗಿತ್ತು. ಮನೆಯ ಹಿರಿಯ ಜೀವವನ್ನು ಒಳಗೆ ಬರಗೊಡದ ಕೋಣೆಯನ್ನು ನಾವು ಸುಂದರವೆಂದು ಕರೆಯುತ್ತಿದ್ದೆವು.

ಹೀಗೆ ನೋಡಿದರೆ ಮನೆಯ ಸಮಗ್ರತೆಯನ್ನು ಗೋಡೆಯಲ್ಲಿ ಮಾತ್ರ ಹುಡುಕಿದರೆ ಸಾಲದು. ಆ ಮನೆಯಲ್ಲಿರುವ ಅತ್ಯಂತ ದುರ್ಬಲ ವ್ಯಕ್ತಿ, ಅಂದರೆ ಮುದುಕಿ, ಮಗು, ರೋಗಿ, ಬಸುರಿ, ಯಾವ ಭಯವೂ ಇಲ್ಲದೆ ಎಲ್ಲಿಂದ ಎಲ್ಲಿಗೆ ನಡೆದುಹೋಗಬಹುದು ಎಂಬುದೇ ಅದರ ಅಳತೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಮನೆ ಕಟ್ಟುವವನಿಗೆ ಒಂದು ಪುಟ್ಟ ಕಟ್ಟಳೆ ಇದೆ. ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು. ಯಾರಾದರೂ ಅಲ್ಲಿಂದ ಬಿದ್ದರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ. ಬಾಲ್ಯದಿಂದ ಕೇಳಿದ ಈ ವಾಕ್ಯ ಕಟ್ಟಡದ ನಿಯಮವೆಂದೇ ನನಗೆ ತೋರಿತ್ತು. ಆಸ್ಪತ್ರೆಯ ಮಂಚದ ಬಳಿ ಕುಳಿತಾಗ ಅದರ ಭಾರ ತಿಳಿಯಿತು. ಮೆಟ್ಟಿಲು ಜಾರುತ್ತದೆಂದು ಗೊತ್ತಿದ್ದೂ ಹಣವನ್ನು ಬೇರೆಡೆ ಇಟ್ಟರೆ, ಬಿದ್ದವರ ನೋವಿನಲ್ಲಿ ಇಟ್ಟವನ ಪಾಲಿದೆ.

ಮಳೆಯಲ್ಲಿ ಸೀಮೆಸುಣ್ಣ ಹಿಡಿದು

ಮುಂದಿನ ದುರಸ್ತಿಯನ್ನು ಅಣ್ಣ ಬೇರೆ ರೀತಿಯಲ್ಲಿ ಆರಂಭಿಸಿದ. ಯಾವ ಕೆಲಸವನ್ನೂ ಹಿಡಿಯದೆ ಒಂದು ಇಡೀ ಮಳೆಗಾಲ ಮನೆಯನ್ನು ನೋಡಿದ. ಜೋರು ಮಳೆ ಬಂದಾಗಲೆಲ್ಲ ಸೀಮೆಸುಣ್ಣ ಹಿಡಿದು ಕೋಣೆ ಕೋಣೆ ಸುತ್ತಿ, ಎಲ್ಲಿ ಹನಿ ಬೀಳುತ್ತದೆ, ಎಲ್ಲಿ ಗೋಡೆ ಎಷ್ಟೆತ್ತರಕ್ಕೆ ತೇವವಾಗುತ್ತದೆ ಎಂದು ಗುರುತು ಹಾಕಿದ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಮನೆಯ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ನೀರಿನಿಂದಲೇ ಬರುವಂಥವು.

ಊರಿನ ಹಳೆಯ ಮೇಸ್ತ್ರಿಯೊಬ್ಬರು ಗೋಡೆಯನ್ನು ತಟ್ಟಿ ನೋಡಿ ಕಾರಣ ಹೇಳಿದರು. ಕೆಂಪುಕಲ್ಲು ನೀರು ಹೀರುತ್ತದೆ. ಸುಣ್ಣದ ಸಾರಣೆಯಿದ್ದಾಗ ಹೀರಿದ ತೇವ ಬೇಸಿಗೆಯಲ್ಲಿ ಆವಿಯಾಗಿ ಹೊರಗೆ ಹೋಗುತ್ತಿತ್ತು. ಸಿಮೆಂಟು ಮತ್ತು ಪ್ಲಾಸ್ಟಿಕ್ ಬಣ್ಣ ಆ ದಾರಿಯನ್ನು ಮುಚ್ಚಿದವು. ‘ಗೋಡೆಯ ಬಾಯಿ ಕಟ್ಟಿ ಬೆವರಬೇಡ ಅಂದರೆ ಹೇಗೆ ಫಾದರ್?’ ಎಂದರು. ನಾವು ಅಂದಗೊಳಿಸಿದ್ದೇ ಗೋಡೆಗೆ ಕೇಡಾಗಿತ್ತು.

ಬಳಿಕ ತಿಂಗಳಿಗೆ 3,000 ರೂಪಾಯಿಯಂತೆ ಹಣ ತೆಗೆದಿಟ್ಟು ವರ್ಷಕ್ಕೊಂದು ಕೆಲಸವೆಂದು ನಿಶ್ಚಯಿಸಿದೆವು. ಮೊದಲ ವರ್ಷ ಬಚ್ಚಲು. ಅದನ್ನು ಮನೆಯ ಮಾಡಿನ ಕೆಳಗೆ ತಂದು, ಒರಟು ಟೈಲ್ಸ್ ಹಾಕಿಸಿ, ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಕೂರಿಸಿ, ದಾರಿಗೆ ಒಂದು ದೀಪ ಹಾಕಿದೆವು. ಎರಡನೆಯ ವರ್ಷ ಮಾಡು. ಹೆಂಚು ಕೈಯಾಡಿಸಿ, ಒಡೆದ ಹೆಂಚುಗಳ ಬದಲಿಗೆ ಕೆಡವಿದ ಮನೆಯೊಂದರಿಂದ ಹಳೆಯ ಹೆಂಚುಗಳನ್ನು ಅಗ್ಗವಾಗಿ ತಂದು ಹೊದಿಸಿದೆವು. ಗೆದ್ದಲು ತಿಂದ ನಾಲ್ಕು ಪಕ್ಕಾಸುಗಳನ್ನಷ್ಟೇ ಬದಲಿಸಿ, ಉಳಿದವಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಮೂರನೆಯ ವರ್ಷ ಸೂರಿನ ನೀರು ಪಂಚಾಂಗದ ಬುಡಕ್ಕೆ ಬೀಳದಂತೆ ಚರಂಡಿ. ಗೋಡೆಯ ಕೆಳಭಾಗದ ಸಿಮೆಂಟನ್ನು ಕೆತ್ತಿ ತೆಗೆದು, ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಸುಣ್ಣದ ಸಾರಣೆ ಮಾಡಿಸಿದ್ದು ನಾಲ್ಕನೆಯ ವರ್ಷ. ಬಣ್ಣ ಬಂದದ್ದು ಕೊನೆಯಲ್ಲಿ. ಅದೂ ಸುಣ್ಣವೇ, ಸ್ವಲ್ಪ ಹಳದಿ ಬೆರೆಸಿದ್ದು. ಚಾವಡಿಯ ಹೊಳೆಯುವ ಟೈಲ್ಸ್ ಕಿತ್ತುಹಾಕಲು ಹಣವಿರಲಿಲ್ಲ. ಅಮ್ಮನ ಓಡಾಟದ ದಾರಿಗೆ ತೆಂಗಿನ ನಾರಿನ ಉದ್ದನೆಯ ಹಾಸನ್ನು ಅಂಟಿಸಿದೆವು. ಅಮ್ಮ ಪುನಃ ಚಾವಡಿಗೆ ಬಂದು ಕುಳಿತರು. ಕೊನೆಯ ಮೂರು ವರ್ಷ ಅಲ್ಲೇ ಜಪಸರ ಮಾಡಿದರು. ಅವರು 2016ರಲ್ಲಿ ತೀರಿಕೊಂಡರು.

ನಿಧಾನವೆಂಬುದು ಬಡವರಿಗೆ ವಿಧಿಸಿದ ಶಿಕ್ಷೆಯೆಂದು ನಾವು ಭಾವಿಸುತ್ತೇವೆ. ಈ ಕೆಲಸದಲ್ಲಿ ಅದು ನಮ್ಮನ್ನು ಎರಡನೆಯ ತಪ್ಪಿನಿಂದ ಕಾಪಾಡಿತು. ಒಂದು ಮಳೆಗಾಲಕ್ಕೂ ಇನ್ನೊಂದಕ್ಕೂ ನಡುವೆ ಮನೆ ತನ್ನ ಅಭಿಪ್ರಾಯ ಹೇಳುತ್ತಿತ್ತು. ಆಂಗ್ಲ ಚಿಂತಕ ಜಾನ್ ರಸ್ಕಿನ್ 1849ರ ತಮ್ಮ ಗ್ರಂಥವೊಂದರಲ್ಲಿ ಹಳೆಯ ಕಟ್ಟಡಗಳ ಬಗ್ಗೆ ಹೇಳುವ ಬುದ್ಧಿಮಾತು ಅತ್ಯಂತ ಸರಳವಾದದ್ದು: ಸಕಾಲದಲ್ಲಿ ಮಾಡಿಗೆ ಒಂದಿಷ್ಟು ತೇಪೆ, ನೀರು ಹರಿಯುವ ದಾರಿಯಿಂದ ಒಂದಿಷ್ಟು ತರಗೆಲೆ ತೆಗೆಯುವುದು, ಇಷ್ಟರಿಂದಲೇ ಮಾಡೂ ಗೋಡೆಯೂ ಉಳಿಯುತ್ತವೆ. ಮೇ ತಿಂಗಳಲ್ಲಿ ಏಣಿ ಹತ್ತಿ ತರಗೆಲೆ ಗುಡಿಸುವ ನಮ್ಮೂರಿನ ಯಾವ ಗೃಹಸ್ಥನೂ ಇದನ್ನು ಒಪ್ಪುತ್ತಾನೆ.

ನೆನಪಿನ ಬೆಲೆ ತೆರುವವರು ಯಾರು?

ಇನ್ನೊಂದು ಸೂಕ್ಷ್ಮ ಪ್ರಶ್ನೆಯಿದೆ. ಹಳೆಯ ಮನೆಯನ್ನು ಬಹಳವಾಗಿ ಪ್ರೀತಿಸುವವರು ಸಾಮಾನ್ಯವಾಗಿ ಅದರಲ್ಲಿ ವಾಸಿಸದವರು. ಮುಂಬಯಿ, ಕುವೈತ್, ದುಬಾಯಿಗಳಿಂದ ವರ್ಷಕ್ಕೊಮ್ಮೆ ಬರುವ ತಮ್ಮಂದಿರು, ತಂಗಿಯರು, ಮತ್ತು ಧರ್ಮಕೇಂದ್ರದಿಂದ ಎರಡು ದಿನಕ್ಕೆ ಬರುವ ನನ್ನಂಥವರು. ಅಡುಗೆಮನೆಯ ಸೌದೆಯೊಲೆಯನ್ನು ತೆಗೆಯುವ ಮಾತು ಬಂದಾಗ ನಾವೆಲ್ಲ ಒಕ್ಕೊರಲಿನಿಂದ ಬೇಡವೆಂದೆವು. ಆ ಒಲೆಯ ಮೀನುಸಾರಿನ ರುಚಿ ಗ್ಯಾಸಿನಲ್ಲಿ ಬಂದೀತೇ? ಒಲೆಯ ಹೊಗೆಯಿಂದ ಪಕ್ಕಾಸುಗಳಿಗೆ ಹುಳ ಹಿಡಿಯುವುದಿಲ್ಲವೆಂಬ ವಾದವನ್ನೂ ಯಾರೋ ಮುಂದಿಟ್ಟರು. ಅದರಲ್ಲಿ ಸತ್ಯವಿಲ್ಲದಿಲ್ಲ.

ಅತ್ತಿಗೆ ಪಾತ್ರೆ ತೊಳೆಯುತ್ತಲೇ ಹೇಳಿದರು: ‘ನಿಮಗೆ ವರ್ಷಕ್ಕೆ ಎರಡು ದಿನದ ರುಚಿ. ನನಗೆ ಮುನ್ನೂರ ಅರವತ್ತೈದು ದಿನದ ಹೊಗೆ.’ ಆ ಮೇಲೆ ಚರ್ಚೆಗೆ ಏನೂ ಉಳಿಯಲಿಲ್ಲ. ಒಲೆಯನ್ನು ಹೊರಗಿನ ಚಪ್ಪರಕ್ಕೆ ಸಾಗಿಸಿದೆವು. ಅಡುಗೆಮನೆಯ ಗೋಡೆಗೆ ಮೊದಲ ಬಾರಿ ಬಿಳಿ ಸುಣ್ಣ ಹತ್ತಿತು.

ಪರಂಪರೆಯನ್ನು ಗೌರವಿಸುವುದು ಸದ್ಗುಣವೇ. ಆದರೆ ಆ ಗೌರವದ ಖರ್ಚನ್ನು ಇನ್ನೊಬ್ಬರ ಕಣ್ಣು, ಶ್ವಾಸಕೋಶ, ಬೆನ್ನುಮೂಳೆಗಳಿಂದ ವಸೂಲು ಮಾಡಿದರೆ ಅದು ನ್ಯಾಯವಲ್ಲ. ಮೂಲಮನೆ ಉಳಿಯಬೇಕೆಂದು ಬಯಸುವ ಒಡಹುಟ್ಟಿದವರು, ಅದರಲ್ಲಿ ಇರುವವರ ಮಾತಿಗೆ ಮೊದಲ ಸ್ಥಾನ ಕೊಡಬೇಕು. ಜೊತೆಗೆ ತಮ್ಮ ನೆನಪಿನ ಪಾಲನ್ನು ಹಣವಾಗಿಯೂ ಕಳಿಸಬೇಕು.

ಹಣ ಎಲ್ಲಿಂದ ಬರುತ್ತದೆ?

ಅಸ್ಸಿಸಿಯ ಸಂತ ಫ್ರಾನ್ಸಿಸರ ಜೀವನದಲ್ಲಿ ದುರಸ್ತಿಯ ಪ್ರಸಂಗವೊಂದು ಪ್ರಸಿದ್ಧ. ಪಾಳುಬಿದ್ದ ಸಾನ್ ದಾಮಿಯಾನೊ ಗುಡಿಯನ್ನು ಸರಿಪಡಿಸುವ ಕರೆ ಕೇಳಿ, ಯುವಕ ಫ್ರಾನ್ಸಿಸ್ ಅವಸರದಿಂದ ತಂದೆಯ ಅಂಗಡಿಯ ಬಟ್ಟೆಗಳನ್ನು ಕೊಂಡೊಯ್ದು, ಕುದುರೆಯ ಸಹಿತ ಮಾರಿ, ಹಣವನ್ನು ಅಲ್ಲಿಯ ಗುರುವಿಗೆ ಕೊಡಲು ಹೋದ. ಆ ಬಡ ಗುರು ಹಣವನ್ನು ಮುಟ್ಟಲಿಲ್ಲ. ಕೊನೆಗೆ ಗುಡಿ ಎದ್ದು ನಿಂತದ್ದು ಫ್ರಾನ್ಸಿಸ್ ಊರ ಬೀದಿಗಳಲ್ಲಿ ಬೇಡಿ ತಂದ, ತಾನೇ ಹೊತ್ತ ಒಂದೊಂದೇ ಕಲ್ಲಿನಿಂದ. ಈ ಪ್ರಸಂಗದಲ್ಲಿ ನಾವು ಫ್ರಾನ್ಸಿಸರನ್ನು ನೆನೆಯುತ್ತೇವೆ. ಹಣ ಬೇಡವೆಂದ ಗುರುವನ್ನು ನೆನೆಯುವುದಿಲ್ಲ. ಉದ್ದೇಶ ಒಳ್ಳೆಯದಾದರೂ ತಮ್ಮದಲ್ಲದ ಹಣದಿಂದ ಮಾಡು ಏಳಬಾರದೆಂಬ ವಿವೇಕ ಆತನಿಗಿತ್ತು.

ನಮ್ಮ ಕಾಲದಲ್ಲಿ ತಮ್ಮದಲ್ಲದ ಹಣ ಎರಡು ರೂಪಗಳಲ್ಲಿ ಬರುತ್ತದೆ. ಒಂದು, ತೀರಿಸುವ ಶಕ್ತಿ ಮೀರಿದ ಸಾಲ. ಗೃಹಪ್ರವೇಶದ ದಿನ ಹೊಳೆದ ಮನೆಯಲ್ಲಿ ಮರುವರ್ಷ ಕಂತಿನ ಜಗಳ ಕೇಳುವುದು ಗುರುಗಳಿಗೆ ಅಪರೂಪವಲ್ಲ. ಇನ್ನೊಂದು, ಕೆಲಸಗಾರನ ಕೂಲಿಯಿಂದ ಉಳಿಸಿದ ಹಣ. ದೇವದಾರು ಹಲಗೆ ಹೊದಿಸಿ ಕೆಂಪು ಬಣ್ಣ ಬಳಿಸಿದ ಅರಮನೆಯ ಅರಸನನ್ನು ಪ್ರವಾದಿ ಯೆರೆಮೀಯ ಖಂಡಿಸಿದ್ದು ಅಲಂಕಾರಕ್ಕಾಗಿ ಮಾತ್ರವಲ್ಲ, ನೆರೆಯವನಿಂದ ಕೂಲಿಯಿಲ್ಲದೆ ದುಡಿಸಿಕೊಂಡದ್ದಕ್ಕಾಗಿ. ಟೈಲ್ಸ್ ಅಂಗಡಿಯಲ್ಲಿ ಹೇಳಿದ ಬೆಲೆಗೆ ಕೊಂಡು, ಬಣ್ಣ ಬಳಿಯುವವನ ದಿನಗೂಲಿಯಲ್ಲಿ ನೂರು ರೂಪಾಯಿ ಇಳಿಸಲು ಅರ್ಧ ಗಂಟೆ ವಾದಿಸುವ ನಮ್ಮ ಅಭ್ಯಾಸವನ್ನು ಈ ಬೆಳಕಿನಲ್ಲಿ ಪರಿಶೀಲಿಸಬೇಕು. ಕಡಿಮೆ ಖರ್ಚಿನಲ್ಲಿ ಮಾಡುವ ಕಲೆ ಬೇರೆ. ಕೇರಳವನ್ನು ಕರ್ಮಭೂಮಿಯಾಗಿಸಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಆ ಕಲೆಯಲ್ಲಿ ನಿಪುಣರು. ಕೆಡವಿದ ಮನೆಗಳ ಬಾಗಿಲು ಕಿಟಕಿಗಳನ್ನು ಮರುಬಳಸಿ, ತಾರಸಿಯ ಕಾಂಕ್ರೀಟಿನ ನಡುವೆ ಮಂಗಳೂರು ಹೆಂಚುಗಳನ್ನು ಕೂರಿಸಿ ಸಿಮೆಂಟು ಕಬ್ಬಿಣಗಳನ್ನು ಉಳಿಸಿದರು. ಅವರು ಮಿತವ್ಯಯ ಸಾಧಿಸಿದ್ದು ವಸ್ತುವಿನಲ್ಲಿ ಮತ್ತು ಯೋಚನೆಯಲ್ಲಿ.

ಹಾಗಾದರೆ ಅಲಂಕಾರ ಬೇಡವೇ?

ಇಷ್ಟೆಲ್ಲ ಓದಿದ ಬಳಿಕ ‘ಬಡವನ ಮನೆಗೆ ಚೆಲುವು ಬೇಡವೇ?’ ಎಂದು ಯಾರಾದರೂ ಕೇಳಬಹುದು. ಬೇಕು, ಖಂಡಿತ ಬೇಕು. ಕಾಂತಿಯೂ ಸೌಂದರ್ಯದ ಒಂದು ಅಂಶವೆಂದು ಅಕ್ವಿನಾಸರು ಎಣಿಸಿದ್ದಾರಲ್ಲವೇ? 2025ರಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸ್, 2015ರ ‘ಲೌದಾತೊ ಸೀ’ ಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದರು. ಅದೇ ಪತ್ರದಲ್ಲಿ, ಹೊರಗೋಡೆಗಳು ಶಿಥಿಲವಾದ ಕಟ್ಟಡಗಳಲ್ಲಿ ವಾಸಿಸುತ್ತಲೂ ತಮ್ಮ ಮನೆಯ ಒಳಭಾಗವನ್ನು ಅಕ್ಕರೆಯಿಂದ ಕಾಪಾಡಿಕೊಳ್ಳುವ ಜನರನ್ನು ಮೆಚ್ಚುಗೆಯಿಂದ ನೆನೆದರು. ಆ ಅಕ್ಕರೆ ಮನುಷ್ಯನ ಘನತೆಯ ಗುರುತು.

ನಮ್ಮ ಮನೆಯ ಅತ್ಯುತ್ತಮ ಅಲಂಕಾರ ಯಾವುದೆಂದು ಕೇಳಿದರೆ ನಾನು ಒಂದು ಗಾಜಿನ ಹೆಂಚನ್ನು ತೋರಿಸುತ್ತೇನೆ. ಹೆಂಚು ಕೈಯಾಡಿಸಿದ ವರ್ಷ ಅಮ್ಮ ಕುಳಿತುಕೊಳ್ಳುವ ಜಾಗದ ಮೇಲ್ಗಡೆ ಅದನ್ನು ಕೂರಿಸಿದೆವು. ಖರ್ಚು ಲೆಕ್ಕಕ್ಕಿಲ್ಲದಷ್ಟು. ಬೆಳಗ್ಗೆ ಹತ್ತರ ಹೊತ್ತಿಗೆ ಒಂದು ಚೌಕ ಬಿಸಿಲು ಅವರ ಮಡಿಲಿಗೆ ಬಂದು, ಮಧ್ಯಾಹ್ನಕ್ಕೆ ಗೋಡೆಯ ಹಳೆಯ ಫೋಟೋಗಳತ್ತ ಸಾಗುತ್ತಿತ್ತು. ಅತ್ತಿಗೆ ಹಳೆಯ ಹತ್ತಿ ಸೀರೆಗಳಿಂದ ಪರದೆ ಹೊಲಿದರು. ಅಟ್ಟದಲ್ಲಿ ಬಿದ್ದಿದ್ದ ಅಜ್ಜನ ಬೆತ್ತದ ಕುರ್ಚಿಗೆ ಹೊಸ ಬೆತ್ತ ಹೆಣೆಸಿದೆವು. ಸೋರದ ಮಾಡಿನ ಕೆಳಗೆ, ಒಣಗಿದ ಗೋಡೆಯ ಪಕ್ಕದಲ್ಲಿ ಇವೆಲ್ಲ ಈಗಲೂ ಬಾಳುತ್ತಿವೆ.

ಕೆಲವೊಮ್ಮೆ ಉಳಿಸುವ ಹಟವೂ ತಪ್ಪಾಗಬಹುದು. ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ, ಗೋಡೆಗೆ ಬೂಷ್ಟು ಹಿಡಿದ ಮನೆಯನ್ನು ಯಾಜಕನು ಬಂದು ಪರೀಕ್ಷಿಸುವ ವಿಧಿಯಿದೆ. ಏಳು ದಿನ ಮನೆಯನ್ನು ಮುಚ್ಚಿ ಕಾಯಬೇಕು. ಕೆಟ್ಟ ಕಲ್ಲುಗಳನ್ನಷ್ಟೇ ತೆಗೆದು ಬೇರೆ ಕಲ್ಲು ಕೂರಿಸಿ, ಹೊಸದಾಗಿ ಸಾರಣೆ ಮಾಡಬೇಕು. ಅಷ್ಟಾದರೂ ರೋಗ ಮರುಕಳಿಸಿದರೆ ಮಾತ್ರ ಕೆಡವಬೇಕು. ತಾಳ್ಮೆ, ದುರಸ್ತಿ, ಕೊನೆಗೆ ಧೈರ್ಯ, ಈ ಕ್ರಮ ಇಂದಿಗೂ ಸರಿಯಾಗಿದೆ. ತೊಲೆಗಳೇ ಟೊಳ್ಳಾದ ಮಾಡಿನ ಕೆಳಗೆ ಮಕ್ಕಳನ್ನು ಮಲಗಿಸಿ ಅಜ್ಜನ ಹೆಸರು ಹೇಳುವುದು ಅಜ್ಜನಿಗೆ ಗೌರವವಲ್ಲ.

ಮನೆ ಆಶೀರ್ವಾದಕ್ಕೆ ಕರೆ ಬಂದಾಗ ಹಿಂದೆ ನಾನು ಚಾವಡಿಯಲ್ಲಿ ಪ್ರಾರ್ಥಿಸಿ, ಕೋಣೆಗಳ ಕಡೆಗೆ ತೀರ್ಥ ಚಿಮುಕಿಸಿ ಹೊರಡುತ್ತಿದ್ದೆ. ಈಗ ಬಚ್ಚಲಿನಿಂದ ಆರಂಭಿಸುತ್ತೇನೆ. ಮನೆಯವರು ಸಂಕೋಚದಿಂದ, ‘ಅಲ್ಲಿ ಇನ್ನೂ ಸರಿಯಾಗಿಲ್ಲ ಫಾದರ್, ಅಲ್ಲಿಗೆ ಬೇಡ’ ಎನ್ನುತ್ತಾರೆ. ಸರಿಯಾಗಿಲ್ಲದ ಕಡೆಗೇ ಮೊದಲು ಹೋಗೋಣ ಎನ್ನುತ್ತೇನೆ. ಮೆಟ್ಟಿಲಿದ್ದರೆ ಕಾಲಿಟ್ಟು ಜಾರುತ್ತದೆಯೇ ಎಂದು ನೋಡುತ್ತೇನೆ. ಪ್ರಶ್ನೆ ಕೇಳಿದ ಆ ಗೃಹಸ್ಥರ ಮನೆಗೂ ಮುಂದಿನ ತಿಂಗಳು ಹೋಗುವುದಿದೆ. ಅವರು ಈ ಲೇಖನವನ್ನು ಓದಿರುತ್ತಾರೆಂದು ನಂಬಿದ್ದೇನೆ. ಹಿಂಬಾಗಿಲಿನಿಂದಲೇ ಒಳಗೆ ಬರುತ್ತೇನೆಂದು ಅವರ ಮನೆಯಾಕೆಗೆ ಈಗಲೇ ತಿಳಿಸುತ್ತಿದ್ದೇನೆ.